ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಐದನೇ ತರಗತಿಯ ಮೇಷ್ಟ್ರಿಗೆ ಹೆದರಿಕೆ ಎನ್ನುವುದು ಹುಟ್ಟಿನಿಂದ ಬಂದದ್ದಲ್ಲ, ಗಣಿತ ಪುಸ್ತಕದ ಎಪ್ಪತ್ತೊಂದನೇ ಪುಟದಿಂದ ಬಂದದ್ದು. ಭಿನ್ನರಾಶಿ ಶುರುವಾಗುತ್ತಿದ್ದದ್ದು ಆ ಪುಟದಲ್ಲಿ. ಅದರ ಹಿಂದಿನ ಎಪ್ಪತ್ತು ಪುಟಗಳವರೆಗೆ ಅವರು ಬೆತ್ತ ಹಿಡಿಯದೆಯೇ ತರಗತಿಯನ್ನು ಅಂಕೆಯಲ್ಲಿಟ್ಟಿದ್ದ ಧೈರ್ಯವಂತರೇ. ಎಪ್ಪತ್ತೊಂದು ಬಂದ ಕೂಡಲೇ ನಾಲಿಗೆ ಒಣಗುತ್ತಿತ್ತು, ಅಂಗೈ ಬೆವರುತ್ತಿತ್ತು, ಸೀಮೆಸುಣ್ಣ ಬೆರಳಿಗೆ ಅಂಟಿಕೊಳ್ಳುತ್ತಿತ್ತು.

ತಪ್ಪು ಅವರದ್ದೂ ಅಲ್ಲ. ಅವರು ಮೂಲತಃ ಭಾಷೆಯ ಮೇಷ್ಟ್ರು. ಗಣಿತದ ಮೇಷ್ಟ್ರು ವರ್ಗವಾಗಿ ಹೋದಾಗ ಹೆಡ್‌ಮಾಸ್ಟರು, "ಒಂದ್ ಹತ್ತು ದಿನ ನೀವೇ ಸುಧಾರಿಸ್ಕೊಳ್ಳಿ" ಎಂದಿದ್ದರು. ಇವರು, "ಪರವಾಗಿಲ್ಲ ಸಾರ್" ಎಂದಿದ್ದರು. ಆ ಹತ್ತು ದಿನಕ್ಕೆ ಈಗ ಎರಡು ವರ್ಷ ತುಂಬಿತ್ತು. ಯಾರು ಏನೇ ಹೇಳಿದರೂ ಬಾಯಿಗೆ ಮೊದಲು ಬರುವ ಮಾತು ಅದೇ ಆದ್ದರಿಂದ ಮಕ್ಕಳು ಅವರಿಗೆ ಪರವಾಗಿಲ್ಲ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

ಆ ತರಗತಿಯಲ್ಲಿ ಮೂರನೇ ಬೆಂಚಿನ ಹುಡುಗಿಯೊಬ್ಬಳಿದ್ದಳು. ಬಾಯಿ ಬಿಟ್ಟರೆ "ಯಾಕೆ" ಎನ್ನುತ್ತಿದ್ದಳಾದ್ದರಿಂದ ಅವಳ ಅಡ್ಡಹೆಸರು ಯಾಕಮ್ಮ. ವರ್ಷದ ಮೊದಲಲ್ಲೇ ಅವಳು ಪುಸ್ತಕದ ಒಂದು ಲೆಕ್ಕ ತೋರಿಸಿ ಕೇಳಿದ್ದಳು: "ಸಾರ್, ಮೂರನ್ನ ಮುಕ್ಕಾಲಿಂದ ಭಾಗಿಸಿದ್ರೆ ನಾಲ್ಕು ಅಂತ ಕೊಟ್ಟಿದಾರೆ. ಭಾಗ ಮಾಡಿದ್ಮೇಲೆ ಕಮ್ಮಿ ಆಗ್ಬೇಕಲ್ವಾ? ಮತ್ತೆ ಆ ಮುಕ್ಕಾಲನ್ನ ತಲೆಕೆಳಗು ಮಾಡಿ ಗುಣಿಸ್ಬೇಕಂತೆ. ಯಾಕೆ ತಿರುಗಿಸ್ಬೇಕು?"

ಮೇಷ್ಟ್ರಿಗೆ ಕಾರಣ ಗೊತ್ತಿರಲಿಲ್ಲ. ಅವರ ಮೇಷ್ಟ್ರಿಗೂ ಗೊತ್ತಿರಲಿಲ್ಲ. "ಪರವಾಗಿಲ್ಲ, ತಿರುಗಿಸು" ಎಂದಿದ್ದರು. ಅಂದಿನಿಂದ ಗಣಿತದ ಪೀರಿಯಡ್ಡಿನಲ್ಲಿ ಯಾಕಮ್ಮ ಕೇಳುವುದನ್ನೇ ಬಿಟ್ಟಿದ್ದಳು. ಆ ಮೌನ ಮೇಷ್ಟ್ರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಇಷ್ಟಿದ್ದರೂ ಬದುಕು ಹೇಗೋ ಸಾಗುತ್ತಿತ್ತು. ಕೆಡಿಸಿದ್ದು ಒಂದು ಫಾರಂ.

ಇಲಾಖೆಯಿಂದ ಬಂದ ಆ ಫಾರಮ್ಮಿನ ಏಳನೇ ಕಾಲಂ ಹೀಗಿತ್ತು: 'ಭಿನ್ನರಾಶಿ ಕಲಿಸಲು ತಾವು ಬಳಸುವ ಆಟ ಮತ್ತು ಚಟುವಟಿಕೆಗಳು.' ಮೇಷ್ಟ್ರು 'ಇಲ್ಲ' ಎಂದು ಬರೆಯಲು ಪೆನ್ನು ಎತ್ತಿದ್ದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ನಾಲ್ಕನೇ ಕ್ಲಾಸಿನ ಟೀಚರು ತಮ್ಮ ಫಾರಮ್ಮಿನಲ್ಲಿ ನಾಲ್ಕು ಸಾಲು ತುಂಬಿಸಿದ್ದು ಕಣ್ಣಿಗೆ ಬಿತ್ತು. ಆ ನಾಲ್ಕು ಸಾಲಿನಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ಭಾಷೆಯ ಮೇಷ್ಟ್ರಿಗೆ ರೋಷ ಉಕ್ಕಿತು. ತಪ್ಪಿಲ್ಲದೆ ಬರೆಯುವುದು ಹೇಗೆಂದು ಲೋಕಕ್ಕೆ ತೋರಿಸಬೇಕಿತ್ತು. ಬರೆದರು: 'ಮಕ್ಕಳು ತಮ್ಮ ಕೈಯಾರೆ ಮುಟ್ಟಿ, ಮಡಿಸಿ, ಕತ್ತರಿಸಿ, ಜೋಡಿಸಿ, ನಲಿಯುತ್ತಾ ಕಲಿಯುವಂತಹ ಹನ್ನೆರಡು ಬಗೆಯ ಆಟಗಳನ್ನು ನಿರಂತರವಾಗಿ ಆಡಿಸಲಾಗುತ್ತಿದೆ.' ವಾಕ್ಯ ನೋಡಿ ಅವರಿಗೇ ಕಣ್ಣು ತುಂಬಿ ಬಂತು. ಅದೇ ಆನಂದದಲ್ಲಿ ಎಂಟನೇ ಕಾಲಂ ಓದದೆ ಸಹಿ ಹಾಕಿಬಿಟ್ಟರು.

ಎಂಟನೇ ಕಾಲಂ ಹೀಗಿತ್ತು: 'ಮೇಲಿನ ವಿವರ ಸುಳ್ಳೆಂದು ಕಂಡುಬಂದಲ್ಲಿ ಶಿಸ್ತುಕ್ರಮಕ್ಕೆ ಬದ್ಧನಾಗಿರುತ್ತೇನೆ.'

ಮೂರು ವಾರ ಕಳೆದು ಒಂದು ಶನಿವಾರ ಪತ್ರ ಬಂತು. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿಗಳೇ ಖುದ್ದಾಗಿ ಬಂದು ಆಟಗಳನ್ನು ನೋಡಲಿದ್ದಾರೆ ಎಂದಿತ್ತು. ಪತ್ರ ಓದಿ ಹೇಳಿದ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಯಾರಿಗೋ ಗಂಡಾಂತರ ಕಾದಿದೆ ಎಂದೇ ಶಾಲೆಯವರ ನಂಬಿಕೆ.

"ಹನ್ನೆರಡು ಆಟ ಇದೆ ಅಂತ ನಂಗೇ ಗೊತ್ತಿರ್ಲಿಲ್ವಲ್ರೀ" ಎಂದರು.

"ನಂಗೂ ಗೊತ್ತಿರ್ಲಿಲ್ಲ ಸಾರ್" ಎಂದರು ಮೇಷ್ಟ್ರು. ಅದು ಅಕ್ಷರಶಃ ನಿಜವಾಗಿತ್ತು.

ಮನೆಯಲ್ಲಿ ಹೆಂಡತಿ ಪತ್ರವನ್ನು ಎರಡು ಸಲ ಓದಿದಳು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪರರ ಪತ್ರಗಳಿಗೆ ಮುದ್ರೆ ಒತ್ತಿ ಒತ್ತಿ ಪತ್ರಗಳ ಮೇಲೆ ಗೌರವವನ್ನೇ ಕಳೆದುಕೊಂಡಿದ್ದವಳೂ ಈ ಪತ್ರ ಓದಿ ಕುರ್ಚಿ ಎಳೆದು ಕೂತಳು.

"ಹನ್ನೆರಡು ಅಂತ ಯಾಕ್ರೀ ಬರೆದ್ರಿ? ಒಂದೋ ಎರಡೋ ಅಂದಿದ್ರೆ ಆಗ್ತಿರ್ಲಿಲ್ವಾ?"

"ಎರಡು ಅಂದ್ರೆ ವಾಕ್ಯಕ್ಕೆ ತೂಕ ಬರ್ತಿರ್ಲಿಲ್ಲ ಕಣೇ."

"ಬಂತಲ್ಲ ಈಗ ತೂಕ. ಹೊರಿ."

ಕಿಟಕಿಯಿಂದ ಇಷ್ಟನ್ನೂ ಕೇಳಿಸಿಕೊಂಡ ಎದುರುಮನೆಯ ನಿವೃತ್ತ ಗುಮಾಸ್ತರು ಸಮಾಧಾನ ಹೇಳಲು ಬಂದರು. ಅವರ ಸಮಾಧಾನಕ್ಕೆ ಇಡೀ ಬೀದಿ ಹೆದರುತ್ತಿತ್ತು.

"ಚಿಂತೆ ಮಾಡ್ಬೇಡಿ ಮೇಷ್ಟ್ರೇ. ನಮ್ಮ ಆಫೀಸಲ್ಲೂ ಒಬ್ಬ ಹಿಂಗೇ ಸುಳ್ಳು ವಿವರಕ್ಕೆ ಸಹಿ ಹಾಕಿದ್ದ."

"ಏನಾಯ್ತು ಅವ್ನಿಗೆ?"

"ಏನಾಯ್ತು ಅಂತ ಕೇಳೋಣ ಅಂದ್ರೆ ಆಮೇಲೆ ಅವನು ಸಿಗ್ಲೇ ಇಲ್ಲ." ಗುಮಾಸ್ತರು ಎದ್ದು ನಿಂತರು. "ನೀವೇನೂ ಮನಸ್ಸಿಗೆ ಹಚ್ಕೋಬೇಡಿ."

ಭಾನುವಾರ ಮೇಷ್ಟ್ರು ಶಾಲೆಯ ಬೀರು ತಡಕಾಡಿ ಶಿಕ್ಷಕರ ಹಳೆಯ ಕೈಪಿಡಿಯೊಂದನ್ನು ಹೊರತೆಗೆದರು. ಗೆದ್ದಲು ತಿಂದು ಉಳಿಸಿದ ಪುಟಗಳಲ್ಲಿ ಒಂದೇ ಒಂದು ಆಟ ಪೂರ್ತಿ ಇತ್ತು. ಉದ್ದನೆಯದೊಂದು ಇಡೀ ಪಟ್ಟಿ. ಅದೇ ಉದ್ದದ ಪಟ್ಟಿಗಳನ್ನು ಸಮನಾಗಿ ಎರಡು, ಮೂರು, ನಾಲ್ಕು, ಆರು, ಎಂಟು ಮಾಡಿದ ತುಂಡುಗಳು. ಆರೂ ಮುಖಗಳಲ್ಲಿ ಭಿನ್ನರಾಶಿ ಬರೆದ ದಾಳ. ದಾಳದಲ್ಲಿ ಬಿದ್ದ ತುಂಡನ್ನು ಇಡೀ ಪಟ್ಟಿಯ ಮೇಲೆ ಇಡುತ್ತಾ ಹೋಗಬೇಕು. ಹೆಚ್ಚೂ ಕಮ್ಮಿ ಆಗದೆ ಮೊದಲು ಮುಚ್ಚಿದ ಗುಂಪು ಗೆದ್ದ ಹಾಗೆ.

ಒಂದು ಆಟ ಸಿಕ್ಕಿತು, ಹನ್ನೊಂದು ಬಾಕಿ. ಮುಳುಗುವವನಿಗೆ ಇಷ್ಟು ಸಾಕಾಯಿತು. ಒಂದನೇ ಕ್ಲಾಸಿನ ಮಕ್ಕಳ ಆಟದ ಮರದ ತುಂಡುಗಳನ್ನು ತಂದು ದಾಳ ಮಾಡಿದರು. ಕಾಗದದ ಪಟ್ಟಿ ಮೂವತ್ತೆರಡು ಮಕ್ಕಳ ಕೈಯಲ್ಲಿ ಹತ್ತು ನಿಮಿಷ ಉಳಿಯುವುದಿಲ್ಲ. ಆಗ ನೆನಪಾದವನು ಹೆಂಡತಿಯ ಅಣ್ಣ, ಬೀದಿಯ ಮೂಲೆಯ ಟೈಲರ್. ಶರ್ಟಿನ ಕಾಲರಿನೊಳಗೆ ಇಡುವ ಬಿಳಿಯ ಗಟ್ಟಿ ಬಟ್ಟೆ ಅವನ ಅಂಗಡಿಯಲ್ಲಿ ಸುರುಳಿಗಟ್ಟಲೆ ಬಿದ್ದಿತ್ತು.

ಮೇಷ್ಟ್ರು ತಾವೇ ಅಳೆದು ಗುಂಪಿಗೊಂದರಂತೆ ಇಪ್ಪತ್ತನಾಲ್ಕು ಇಂಚಿನ ಎಂಟು ಇಡೀ ಪಟ್ಟಿ ಕತ್ತರಿಸಿಕೊಂಡರು. ಅಷ್ಟಕ್ಕೇ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಒಂದು ಪಟ್ಟಿಯನ್ನು ಮಾದರಿಗೆ ಮೇಜಿನ ಮೇಲಿಟ್ಟು ಹೇಳಿದರು.

"ಭಾವ, ಉಳಿದಿದ್ದು ನೀನೇ ಮಾಡ್ಕೊಡ್ಬೇಕು. ಇದೇ ಉದ್ದಕ್ಕೆ ಸಮನಾಗಿ ಎರಡು ಪೀಸು, ಮೂರು ಪೀಸು, ನಾಲ್ಕು, ಆರು, ಎಂಟು. ಹಂಗೆ ಎಂಟು ಸೆಟ್ಟು."

"ಅಷ್ಟೇ ತಾನೆ? ಬಿಡಿ ಮೇಷ್ಟ್ರೇ. ಬುಧವಾರ ಬೆಳಿಗ್ಗೆ ರೆಡಿ."

ಬುಧವಾರ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿತ್ತು. ಮಧ್ಯಾಹ್ನ "ಸಂಜೆಗೆ" ಎಂದ. ಸಂಜೆಗೆ "ಬೆಳಿಗ್ಗೆ ಶಾಲೆ ಹತ್ರಾನೇ ತಂದ್ಕೊಡ್ತೀನಿ" ಎಂದ. ಮೇಷ್ಟ್ರು ಆ ದಿನ ಅಂಗಡಿಗೆ ಒಂಬತ್ತು ಸಲ ಹೋದರು. ಒಂಬತ್ತನೇ ಸಲ ಭಾವ, "ನೀವು ಹಿಂಗೆ ಉಸಿರು ಬಿಡ್ತಾ ನಿಂತ್ರೆ ಬಟ್ಟೆ ನೆಟ್ಟಗೆ ನಿಲ್ಲಲ್ಲ" ಎಂದು ಹೊರಗೆ ಕಳಿಸಿದ.

ಗುರುವಾರ ಹತ್ತು ಮುಕ್ಕಾಲಿಗೆ ಭಾವ ಸೈಕಲ್ಲಿನಲ್ಲಿ ಬಂದ. ಎಂಟು ಕಟ್ಟು. ಇಸ್ತ್ರಿ ಮಾಡಿ, ಅಂಚು ಸೇರಿಸಿ, ದಾರ ಕಟ್ಟಿದ್ದ. "ಯೋಚ್ನೆ ಬೇಡ. ಒಂದು ಪೀಸಿಗೂ ಕಂಜೂಸು ಮಾಡಿಲ್ಲ, ಎಲ್ಲಕ್ಕೂ ಬೇಕಾದಷ್ಟು ಬಿಟ್ಟಿದೀನಿ" ಎಂದು ಹೇಳಿ ಹೊರಟುಹೋದ. ಬಿಚ್ಚಿ ನೋಡಲು ಸಮಯವಿರಲಿಲ್ಲ.

ಅಧಿಕಾರಿ ಎಂದರೆ ದಪ್ಪ ಮೀಸೆಯ ಗಂಡಸು ಎಂದು ಮೇಷ್ಟ್ರು ನಾಲ್ಕು ದಿನ ಊಹಿಸಿಕೊಂಡು ಹೆದರಿದ್ದರು. ಬಂದವರು ಸಣಕಲು ಮೈಯ ಹೆಂಗಸು. ಹೆದರಿಕೆಯನ್ನೆಲ್ಲ ಹೊಸದಾಗಿ ಶುರುಮಾಡಬೇಕಾಯಿತು. ಆಕೆ ಯಾರ ಮುಖವನ್ನೂ ನೋಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಪುಸ್ತಕ ತೆರೆದರು. ಪೆನ್ನಿನ ಮುಚ್ಚಳ ತೆಗೆದ ಸದ್ದು ಮೇಷ್ಟ್ರಿಗೆ ಮುಂದಿನ ಬೋರ್ಡಿನ ತನಕ ಕೇಳಿಸಿತು. ಬಾಗಿಲಲ್ಲಿ ನಿಂತ ಹೆಡ್‌ಮಾಸ್ಟರು ಕನ್ನಡಕ ತೆಗೆದರು.

ಆಟ ಶುರುವಾಯಿತು. ಮಕ್ಕಳು ಎಂದೂ ಕಾಣದ ಸಂಭ್ರಮದಲ್ಲಿ ದಾಳ ಉರುಳಿಸಿದರು. ಮೇಷ್ಟ್ರು ಗೋಡೆಗೆ ಒರಗಿ ನಿಂತು, ತಾವು ಒರಗಿದ್ದು ಕಾಣದಂತೆ ನಗುತ್ತಿದ್ದರು.

"ಗೆದ್ವಿ!" ಎಂದು ಮೊದಲನೇ ಗುಂಪು ಕೂಗಿತು. "ಅರ್ಧ, ಕಾಲು, ಎಂಟನೇ ಒಂದು ಇಟ್ವಿ. ಪಟ್ಟಿ ತುಂಬ್ತು ಸಾರ್!"

ಮೇಷ್ಟ್ರು ಹೋಗಿ ನೋಡಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಮುಚ್ಚಿತ್ತು. ಕಣ್ಣಿಗೆ ಕಂಡದ್ದನ್ನು ನಂಬದಿರಲು ಅವರ ಬಳಿ ಬೇರೆ ಆಧಾರವೂ ಇರಲಿಲ್ಲ. "ಶಭಾಷ್!" ಎಂದು, ಅರ್ಧ, ಕಾಲು, ಎಂಟನೇ ಒಂದು ಸೇರಿದರೆ ಒಂದು ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಹಿಂದಿನ ಬೆಂಚಿನಲ್ಲಿ ಪೆನ್ನು ಓಡಿತು.

"ನಾವೂ ಗೆದ್ವಿ! ಮೂರನೇ ಒಂದರ ತುಂಡು ಒಂದು, ಆರನೇ ಒಂದರದ್ದು ಮೂರು!" ಎಂದಿತು ಎರಡನೇ ಗುಂಪು. ಅದೂ ಬೋರ್ಡಿಗೇರಿತು. ಪೆನ್ನು ಮತ್ತೆ ಓಡಿತು. ಬಾಗಿಲಲ್ಲಿ ಹೆಡ್‌ಮಾಸ್ಟರು ಕನ್ನಡಕವನ್ನು ಎಷ್ಟು ಜೋರಾಗಿ ಒರೆಸುತ್ತಿದ್ದರೆಂದರೆ ಗಾಜು ಕಿರುಗುಟ್ಟುತ್ತಿತ್ತು. ಮೇಷ್ಟ್ರು ಬೋರ್ಡಿನ ಮೊದಲ ಸಾಲನ್ನು ಇನ್ನೊಮ್ಮೆ ಓದಿದರು. ಅರ್ಧವೂ ಕಾಲೂ ಸೇರಿದರೆ ಮುಕ್ಕಾಲು. ಉಳಿದ ಕಾಲನ್ನು ಎಂಟನೇ ಒಂದು ತುಂಬಿದ್ದು ಹೇಗೆ?

ಆಗ ಮೂರನೇ ಬೆಂಚಿನಲ್ಲಿ ಯಾಕಮ್ಮ ಎದ್ದು ನಿಂತಳು. ಆರು ತಿಂಗಳ ಮೇಲೆ ಗಣಿತದ ಪೀರಿಯಡ್ಡಿನಲ್ಲಿ ಬಾಯಿ ಬಿಟ್ಟಳು. ಬಿಡಲು ಈ ದಿನವೇ ಸಿಕ್ಕಿತ್ತು.

"ಸಾರ್, ಎಂಟನೇ ಒಂದು ಅಂದ್ರೆ ಅಂಥವು ಎಂಟು ಸೇರಿದ್ರೆ ಒಂದು ಅಲ್ವಾ? ಇಲ್ಲಿ ಆರು ಇಡೋಷ್ಟರಲ್ಲೇ ಪಟ್ಟಿ ತುಂಬೋಯ್ತು. ಇನ್ನೆರಡು ಯಾರ್ದು?"

ಅವಳ ಡೆಸ್ಕಿನ ಮೇಲೆ ಎಂಟು ತುಂಡುಗಳು ಸಾಲಾಗಿದ್ದವು. ಕೊನೆಯದು ಡೆಸ್ಕಿನ ಅಂಚು ದಾಟಿ ಗಾಳಿಯಲ್ಲಿ ತಲೆಯಾಡಿಸುತ್ತಿತ್ತು.

"ಪರವಾಗಿಲ್ಲ" ಎಂದರು ಮೇಷ್ಟ್ರು, ಅಭ್ಯಾಸ ಬಲ.

"ಪರವಾಗಿಲ್ವಾ?" ಹಿಂದಿನ ಬೆಂಚಿನಿಂದ ಅಧಿಕಾರಿಯ ಮೊದಲ ಮಾತು ಬಂತು.

ಮೇಷ್ಟ್ರ ಕಣ್ಣ ಮುಂದೆ ಗುಮಾಸ್ತರ ಆಫೀಸಿನ, ಆಮೇಲೆ ಸಿಗಲೇ ಇಲ್ಲದ ಆ ಮನುಷ್ಯ ಹಾದುಹೋದ. ಯಾಕಮ್ಮನಿಗೆ ಇದಾವುದೂ ತಿಳಿಯದು. ಅವಳು ಸ್ಕೇಲು ಹಿಡಿದು ತುಂಡುಗಳನ್ನು ಅಳೆಯುವುದರಲ್ಲಿ ಮುಳುಗಿದ್ದಳು.

"ಸಾರ್, ಎರಡು ಅರ್ಧ ಇಟ್ರೆ ಎರಡಿಂಚು ಜಾಸ್ತಿ ಬರುತ್ತೆ. ಮೂರು ತುಂಡಿನದ್ದು ಇಟ್ರೆ ಮೂರಿಂಚು. ನಾಲ್ಕಕ್ಕೆ ನಾಲ್ಕು. ಎಂಟಕ್ಕೆ ಎಂಟು!" ಅವಳ ದನಿ ಏರಿತು. "ಒಂದೊಂದು ತುಂಡಿಗೂ ಒಂದೊಂದಿಂಚು ಯಾರೋ ಸೇರ್ಸಿದಾರೆ. ಯಾಕೆ?"

ಮೇಷ್ಟ್ರು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಎರಡೂ ತುದಿಯಿಂದ ಸರಿಯಾಗಿ ಅರ್ಧ ಇಂಚು ಒಳಗೆ, ಟೈಲರ್ ಸೀಮೆಸುಣ್ಣದ ತೆಳ್ಳಗಿನ ನೀಲಿ ಗೆರೆ. ಎಲ್ಲವೂ ಒಮ್ಮೆಗೇ ಹೊಳೆಯಿತು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಮನೆಯ ಕಪಾಟಿಗೆ ಹಾಸಲು ಹಳೆಯ ಪೇಪರು ಕತ್ತರಿಸಿದರೂ ಹೊಲಿಗೆಗೆಂದು ಅರ್ಧ ಇಂಚು ಬಿಡುವ ಕೈ. ಎಷ್ಟು ಹೆಚ್ಚು ತುಂಡೋ ಅಷ್ಟು ಹೆಚ್ಚು ಹೊಲಿಗೆ, ಅಷ್ಟು ಹೆಚ್ಚು ಬಟ್ಟೆ.

ಸುಳ್ಳು ಹೇಳಲು ಅವರಿಗೆ ಇಷ್ಟವಿತ್ತು. ಆದರೆ ಹೆದರಿಕೆ ಎಷ್ಟಿತ್ತೆಂದರೆ ಸುಳ್ಳು ಹೊಳೆಯಲಿಲ್ಲ.

"ಹೊಲಿಗೆಗೆ ಬಿಟ್ಟಿದ್ದು ಮೇಡಂ" ಎಂದರು. "ಕತ್ತರಿಸಿದ್ದು ನಮ್ಮ ಭಾವ. ಅವ್ನು ಟೈಲರ್. ನಾನು ಅಳೆದು ನೋಡ್ಲಿಲ್ಲ."

ಅಧಿಕಾರಿ ಎದ್ದು ಬಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ಆಕೆ ಯಾಕಮ್ಮನ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತು, ತುಂಡೊಂದನ್ನು ನೀಲಿ ಗೆರೆಗೆ ಸರಿಯಾಗಿ ಮಡಿಸುತ್ತಿದ್ದರು.

"ಮಡಿಸಿ ಇಟ್ಟು ನೋಡಮ್ಮ."

ಯಾಕಮ್ಮ ಎಂಟನ್ನೂ ಮಡಿಸಿ ಇಟ್ಟಳು. ಎಂಟನೆಯದು ಪಟ್ಟಿಯ ತುದಿಗೆ ಹೋಗಿ ತಟ್ಟನೆ ನಿಂತಿತು. ಇಡೀ ತರಗತಿ ಮಡಿಸತೊಡಗಿತು. ಗೆದ್ದಿದ್ದ ಮೊದಲನೇ ಗುಂಪಿನ ಪಟ್ಟಿಯಲ್ಲಿ ಈಗ ಎಂಟನೇ ಒಂದರಷ್ಟು ಜಾಗ ಖಾಲಿ ಕಂಡಿತು. "ಇನ್ನೊಂದು ಬೇಕು, ಇನ್ನೊಂದು ಬೇಕು!" ಎಂದು ಅವರು ಬೊಬ್ಬೆ ಹಾಕಿದರು. ಎರಡು ವರ್ಷದಲ್ಲಿ ಯಾರೂ ಆ ಕೋಣೆಯಲ್ಲಿ ಭಿನ್ನರಾಶಿಯನ್ನು ಇನ್ನೊಂದು ಬೇಕು ಎಂದು ಕೇಳಿರಲಿಲ್ಲ.

"ಉಳಿದ ಹನ್ನೊಂದು ಆಟ?" ಎಂದರು ಅಧಿಕಾರಿ, ತಲೆಯೆತ್ತದೆ.

"ಇಲ್ಲ ಮೇಡಂ."

"ಈ ಆಟ ಎಷ್ಟು ದಿನದಿಂದ ಆಡಿಸ್ತಿದೀರಿ?"

ಮೇಷ್ಟ್ರು ಗಡಿಯಾರ ನೋಡಿದರು. "ನಲವತ್ತು ನಿಮಿಷದಿಂದ."

ಆಕೆ ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ಆ ಬೋರ್ಡ್ ಅಳಿಸಿ."

ಆಮೇಲಿನ ಒಂಬತ್ತು ದಿನ ಮೇಷ್ಟ್ರು ಬದುಕಿದ್ದು ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು. ಗುಮಾಸ್ತರು ದಿನವೂ ಬಂದು, "ಇನ್ನೂ ಬಂದಿಲ್ವಾ? ತಡ ಆದಷ್ಟೂ ದೊಡ್ಡ ಶಿಕ್ಷೆ" ಎಂದು ಧೈರ್ಯ ತುಂಬಿ ಹೋಗುತ್ತಿದ್ದರು. ಹತ್ತನೇ ದಿನ ಹೆಂಡತಿಯೇ ಕೌಂಟರಿನಿಂದ ಲಕೋಟೆ ತಂದಳು. ಮೇಷ್ಟ್ರಿಗೆ ಒಡೆಯಲು ಧೈರ್ಯ ಬರಲಿಲ್ಲ. ಅವಳೇ ಒಡೆದು ಓದಿದಳು.

'ಕಾಲಂ ಏಳರಲ್ಲಿ ಹನ್ನೆರಡು ಎಂಬುದನ್ನು ಒಂದು ಎಂದು ತಿದ್ದಿ ಸಹಿ ಮಾಡಿ ಹಿಂದಿರುಗಿಸತಕ್ಕದ್ದು. ಮುಂದಿನ ತಿಂಗಳ ಐದರಂದು ಅರವತ್ತು ಶಿಕ್ಷಕರ ಎದುರು ತಾವು ಇದೇ ಆಟವನ್ನು, ಇದೇ ತಪ್ಪಿನೊಂದಿಗೆ, ಆಡಿಸಿ ತೋರಿಸತಕ್ಕದ್ದು. ತುಂಡುಗಳನ್ನು ಕತ್ತರಿಸಿದವರನ್ನೂ ಜೊತೆಗೆ ಕರೆತರತಕ್ಕದ್ದು.'

"ಕೆಲ್ಸ ಉಳೀತು" ಎಂದು ಹೆಂಡತಿ ಉಸಿರು ಬಿಟ್ಟಳು. ಮೇಷ್ಟ್ರು ಬಿಡಲಿಲ್ಲ. ಮೂವತ್ತೆರಡು ಮಕ್ಕಳೆದುರೇ ಹೀಗಾದರೆ ಅರವತ್ತು ಮೇಷ್ಟ್ರುಗಳ ಎದುರು ಏನು ಗತಿ? ಅವರಲ್ಲಿ ಒಬ್ಬರಾದರೂ ಯಾಕೆ ತಿರುಗಿಸಬೇಕು ಎಂದು ಕೇಳದೆ ಬಿಡುತ್ತಾರೆಯೇ?

ಸಂಜೆ ಅಂಗಡಿಗೆ ಹೋಗಿ ವಿಷಯ ಹೇಳಿದಾಗ ಭಾವನ ಮುಖ ಕಾಲರ್ ಬಟ್ಟೆಗಿಂತ ಬೆಳ್ಳಗಾಯಿತು.

"ಭಿನ್ನರಾಶಿನಾ? ನಾನಾ? ಅರವತ್ತು ಮೇಷ್ಟ್ರ ಮುಂದಾ? ಅಯ್ಯೋ, ನಾನು ಶಾಲೆ ಬಿಟ್ಟಿದ್ದೇ ಅದ್ಕೆ ಮೇಷ್ಟ್ರೇ! ಐದನೇ ಕ್ಲಾಸಲ್ಲಿ ಭಿನ್ನರಾಶಿ ಬರುತ್ತೆ ಅಂತ ದೊಡ್ಡ ಹುಡುಗ್ರು ಹೆದರ್ಸಿದ್ರು. ನಾಲ್ಕು ಮುಗಿಸಿದವನು ಆ ಕಡೆ ತಲೆ ಹಾಕಿಲ್ಲ. ಬೇಕಾದ್ರೆ ನಿಮ್ಗೆ ಪುಕ್ಕಟೆ ಕೋಟು ಹೊಲ್ಕೊಡ್ತೀನಿ, ನನ್ನ ಬಿಟ್ಬಿಡಿ."

ಹೀಗೆ ಗೋಗರೆಯುತ್ತಲೇ ಅವನ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಟೇಪು ಎಳೆದವು, ಸೀಮೆಸುಣ್ಣದಿಂದ ಗೀಚಿದವು. "ಎದೆ ಮೂವತ್ತಾರು, ಅದರ ಕಾಲು ಒಂಬತ್ತು, ಸಡಿಲಕ್ಕೆ ಎರಡು" ಎಂದು ಬಾಯಿ ತಾನಾಗಿ ಗೊಣಗುತ್ತಿತ್ತು. ಮೇಷ್ಟ್ರು ಅವನ ಕೈಯನ್ನೇ ನೋಡುತ್ತಾ ನಿಂತರು. ವರ್ಷದ ಮೊದಲಲ್ಲಿ ಯಾಕಮ್ಮ ತೋರಿಸಿದ್ದ ಲೆಕ್ಕ ನೆನಪಾಯಿತು. ಮೆಲ್ಲಗೆ ಕೇಳಿದರು.

"ಭಾವ, ಮೂರು ಮೀಟರ್ ಬಟ್ಟೆ ಇದೆ. ಒಂದೊಂದು ಪೀಸಿಗೆ ಮುಕ್ಕಾಲು ಮೀಟರ್ ಬೇಕು. ಎಷ್ಟು ಪೀಸ್ ಬರುತ್ತೆ?"

"ನಾಲ್ಕು" ಎಂದ ಭಾವ, ತಲೆಯೆತ್ತದೆ.

"ಹೆಂಗೆ?"

"ಇದೊಂದು ಕೇಳೋ ಮಾತಾ? ಮೂರು ಮೀಟರನ್ನ ಮೊದ್ಲು ಕಾಲು ಕಾಲು ಮಾಡ್ಕೊಳ್ಳಿ. ಮೂರು ನಾಲ್ಕಲಿ ಹನ್ನೆರಡು ಕಾಲು ತುಂಡು. ಒಂದು ಪೀಸಿಗೆ ಅಂಥ ಮೂರರ ಹಂಗೆ ಎತ್ತಿದ್ರೆ ನಾಲ್ಕು ಪೀಸು."

ಮೇಷ್ಟ್ರು ಪಕ್ಕದ ಸ್ಟೂಲು ಎಳೆದು ಕೂತರು. ನಾಲ್ಕರಿಂದ ಗುಣಿಸಿದ, ಮೂರರಿಂದ ಭಾಗಿಸಿದ. ಮುಕ್ಕಾಲಿನ ಕೆಳಗಿದ್ದ ನಾಲ್ಕು ಮೇಲೆ ಹೋಯಿತು, ಮೇಲಿದ್ದ ಮೂರು ಕೆಳಗೆ ಬಂತು. ತಿರುಗಿಸುವುದು ಅಂದರೆ ಇಷ್ಟೇ. ಅವರ ಮೇಷ್ಟ್ರಿಗೂ ಗೊತ್ತಿಲ್ಲದ್ದು ಬೀದಿ ಮೂಲೆಯ ಕತ್ತರಿಯೊಂದಕ್ಕೆ ಮೂವತ್ತು ವರ್ಷದಿಂದ ಗೊತ್ತಿತ್ತು. ಅವರಿಗೆ ನಗುವೂ ಬಂತು, ಅಳುವೂ ಬಂತು.

"ಭಾವ, ನೀನು ಈಗ ಮಾಡಿದ್ದೇ ಭಿನ್ನರಾಶಿ."

ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು. ಭಾವ ತನ್ನ ಕೈಯನ್ನು ಬೇರೆ ಯಾರದ್ದೋ ಕೈ ಎಂಬಂತೆ ನೋಡಿಕೊಂಡ.

"ಇದಾ? ಇಷ್ಟು ವರ್ಷ ಕಟ್ ಮಾಡಿದ್ದೆಲ್ಲ ಇದಾ?" ಎಂದ. "ಸದ್ಯ, ಯಾರೂ ಮೊದ್ಲೇ ಹೇಳ್ಲಿಲ್ಲ. ಗೊತ್ತಿದ್ದಿದ್ರೆ ಹೆದರ್ಕೊಂಡು ಒಂದು ಶರ್ಟೂ ನೆಟ್ಟಗೆ ಹೊಲೀತಿರ್ಲಿಲ್ಲ!"

ಆ ಸಂಜೆ ಅವನ ಕೈ ಮತ್ತೆ ಓಡಲಿಲ್ಲ. ಮೂವತ್ತಾರರ ಕಾಲು ಎಷ್ಟೆಂದು ಮೂರು ಸಲ ಅಳೆದ, ಮೂರು ಸಲವೂ ಅನುಮಾನ ಬಂತು. ಕೊನೆಗೆ ಅಂಗಡಿ ಮುಚ್ಚಿದ. ಐದನೇ ತಾರೀಕಿನೊಳಗೆ ಅವನ ಹೆದರಿಕೆ ಬಿಡಿಸುವ ಹೊಣೆಯೂ ಈಗ ಮೇಷ್ಟ್ರ ಮೇಲೆಯೇ ಬಿತ್ತು.

ಮರುದಿನ ಬೆಳಿಗ್ಗೆ ಗಣಿತದ ಪೀರಿಯಡ್ಡಿಗೆ ಮೇಷ್ಟ್ರು ಚೀಲ ಹೊತ್ತು ಬಂದರು. ಪುಸ್ತಕ ತೆರೆಯಲಿಲ್ಲ. ನೇರವಾಗಿ ಮೂರನೇ ಬೆಂಚಿಗೆ ಹೋಗಿ ನಿಂತರು.

"ವರ್ಷದ ಮೊದಲಲ್ಲಿ ಒಂದು ಪ್ರಶ್ನೆ ಕೇಳಿದ್ದೆಯಲ್ಲಮ್ಮ. ಅದನ್ನ ಇನ್ನೊಂದ್ಸಲ ಕೇಳು."

ಯಾಕಮ್ಮ ಅನುಮಾನದಿಂದ ಅವರ ಮುಖ ನೋಡಿದಳು. ಆಮೇಲೆ ಎದ್ದು ನಿಂತಳು. "ಯಾಕೆ ತಿರುಗಿಸ್ಬೇಕು ಸಾರ್?"

ಇಡೀ ತರಗತಿ "ಪರವಾಗಿಲ್ಲ" ಎಂಬ ಮಾತಿಗೆ ಕಾದು ಕೂತಿತ್ತು. ಮೇಷ್ಟ್ರು ಚೀಲದಿಂದ ಮೂರು ಮೀಟರ್ ಬಟ್ಟೆ ಹೊರಗೆಳೆದು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು.

"ಬಾ, ಗಟ್ಟಿಯಾಗಿ ಹಿಡ್ಕೊ."